ಯಾರು ಕೈ ಎತ್ತಿದರೂ

ಕ್ರೇನಿನ ಕ್ಯಾಬಿನ್ನಿನಲ್ಲಿ ಕೂರುವವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಕಾದ ಲೋಹ ಒತ್ತುವ ಪ್ರೆಸ್ಸಿನ ಗದ್ದಲದಲ್ಲಿ ಮಾತಿನಿಂದ ಉಪಯೋಗವೂ ಇರಲಿಲ್ಲ. ಕೆಳಗೆ ನಿಂತ ಅವಳ ಅಣ್ಣ ಕೈಸನ್ನೆಯಲ್ಲೇ ಎಲ್ಲ ಹೇಳುತ್ತಿದ್ದ. ಎತ್ತು, ಇಳಿಸು, ಮುಂದೆ ಬಾ ಎಂಬುದನ್ನೆಲ್ಲ ಅವನೊಬ್ಬನೇ ಹೇಳಬೇಕು. ಆದರೆ ನಿಲ್ಲಿಸು ಎಂದು ಯಾರು ಕೈ ಎತ್ತಿದರೂ, ಕಸ ಗುಡಿಸುವವನೇ ಎತ್ತಿದರೂ, ಮರುಮಾತಿಲ್ಲದೆ ನಿಲ್ಲಿಸಬೇಕು. ಆ ಕೆಲಸದ ಮೊದಲ ಪಾಠವೇ ಅದು.

ಅವತ್ತು ಕುಲುಮೆಯಿಂದ ಹೊರಬಂದದ್ದು ವಿದ್ಯುತ್ ಕೇಂದ್ರದ ಟರ್ಬೈನಿನ ಚಕ್ರವಾಗಬೇಕಿದ್ದ ದೊಡ್ಡ ಗಟ್ಟಿ. ನಿಕಲ್ ಬೆರೆತ ಮಹಾ ಹಟಮಾರಿ ಲೋಹ. ಪ್ರೆಸ್ಸಿನಡಿಗೆ ಹೋಗುವಷ್ಟರಲ್ಲಿ ತುಸು ಆರಿದರೂ ಸಾಕು, ಒತ್ತಿದಾಗ ಅಂಚು ಬಿರಿಯುತ್ತದೆ. ಹಿಂದಿನ ವಾರ ಒಂದು ಹಾಗೇ ಹಾಳಾಗಿತ್ತು, ಗುಬ್ಬಿ ನಡುವೆ ನಿಲ್ಲಿಸಿದ್ದರಿಂದ. ಯಾರೋ ಕೈ ಎತ್ತಿದರು ಎಂದಿದ್ದಳು. ಯಾರೂ ಎತ್ತಿರಲಿಲ್ಲ.

"ಇನ್ನೊಂದ್ಸಲ ಹೀಗಾದ್ರೆ ಗೂಡು ಖಾಲಿ ಮಾಡು ತಾಯಿ," ಎಂದು ಫೋರ್‌ಮನ್ ಕೈಮುಗಿದಿದ್ದ.

ಕ್ರೇನಿನ ಇಕ್ಕಳಕ್ಕೆ ಸಿಕ್ಕ ಗಟ್ಟಿ ಹಳದಿಯಾಗಿ ಉರಿಯುತ್ತ ಹೊರಟಿತು. ಅದರ ಬೆಳಕಿಗೆ ಕೆಳಗಿದ್ದವರ ನೆರಳುಗಳು ಗೋಡೆ ಹತ್ತಿದವು. ಅಣ್ಣ ಬಾ ಬಾ ಎಂದು ಕೈ ಆಡಿಸುತ್ತಿದ್ದ. ಅವನ ಬೆನ್ನ ಹಿಂದೆ, ಪ್ರೆಸ್ಸಿನ ಕಂಬದ ಪಕ್ಕದಲ್ಲಿ, ಇನ್ನೊಂದು ಕೈ ಮೇಲೆದ್ದಿತು. ಗವಸಿಲ್ಲದ ಬರಿಗೈ. ಆ ಕಾವಿನಲ್ಲಿ ಬರಿಗೈಯಲ್ಲಿ ಯಾರು ನಿಲ್ಲುತ್ತಾರೆ? ಗೋಡೆಯ ಮೇಲೆ ಅದರ ನೆರಳಿರಲಿಲ್ಲ.

ಗುಬ್ಬಿಯ ಕೈ ಲಿವರಿಗೆ ಹೋಯಿತು. ನಿಲ್ಲಿಸಿದರೆ ಕೆಲಸ ಹೋಯಿತು. ನಿಲ್ಲಿಸದೆ ಅಣ್ಣನಿಗೇನಾದರೂ ಆದರೆ?

ನಿಲ್ಲಿಸಿದಳು. ಗಟ್ಟಿ ನೇತಾಡುತ್ತಲೇ ಕೆಂಪಾಯಿತು, ಅಂಚಿನಲ್ಲಿ ಕಪ್ಪೇರಿತು. ಫೋರ್‌ಮನ್ ಬಾಯಿ ಬಡಿದುಕೊಳ್ಳುತ್ತಿದ್ದುದು ಮೇಲಿನಿಂದಲೇ ಕಾಣಿಸಿತು.

ಹಳೆಯ ಕ್ರೇನ್ ಡ್ರೈವರ್ ತಾತನನ್ನು ಕರೆಸಿದರು. ಏಣಿಯ ಬುಡದಲ್ಲಿ ಅವನು ಇಳಿದುಬಂದ ಗುಬ್ಬಿಯ ತಲೆ ಸವರಿ, "ಹೋಗಿ ಒಂದಿಷ್ಟು ನೀರು ಕುಡಿ ಮಗಳೇ," ಎಂದು ಹತ್ತಿ ಹೋದ.

ಅಣ್ಣ ಸಿಡುಕಿದ. "ಮಾನ ಕಳೆದ್ಯಲ್ಲೇ. ಯಾರಿದ್ರು ಅಲ್ಲಿ?"

"ಗೊತ್ತಿಲ್ಲಣ್ಣ. ನೀನು ಅಲ್ಲಿ ನಿಲ್ಬೇಡ."

"ನಾನಲ್ದೆ ನಿನ್ನ ಗಂಡ ಬಂದು ನಿಲ್ತಾನಾ? ಮೊದ್ಲು ಒಬ್ಬನ್ನ ಹುಡುಕ್ಕೋ."

ಅವಳು ನಗಲಿಲ್ಲ. ಎರಡೂ ಕೈಯಿಂದ ಅವನ ಎಡತೋಳನ್ನು ಗಟ್ಟಿಯಾಗಿ ಹಿಡಿದು ಪಕ್ಕದಲ್ಲೇ ನಿಂತಳು. ಅವನು ಬಲಗೈಯಲ್ಲೇ ಸನ್ನೆ ಮಾಡಿದ. ಎರಡನೆಯ ಗಟ್ಟಿ ಕುಲುಮೆಯಿಂದ ಹೊರಟಿತು, ಅರ್ಧ ದಾರಿ ಬಂತು, ನಿಂತಿತು.

"ತಾತಾ! ನಿಮಗೂ ಏನಾಯ್ತು?" ಫೋರ್‌ಮನ್ ಕೂಗಿದ. ಪ್ರೆಸ್ ಇನ್ನೂ ಸುಮ್ಮನಿತ್ತು, ಮಾತು ಮೇಲಕ್ಕೆ ಮುಟ್ಟಿತು.

ತಾತ ಕಿಟಕಿಯಿಂದ ತಲೆ ಹೊರಹಾಕಿದ. "ನಾನೇನು ಮಾಡ್ಲಿ? ಆ ಹುಡುಗಿನೇ ಕೈ ಎತ್ತಿದ್ಲು!"

ಎಲ್ಲರೂ ಗುಬ್ಬಿಯತ್ತ ತಿರುಗಿದರು. ಅವಳ ಎರಡೂ ಕೈ ಅಣ್ಣನ ತೋಳಿನ ಮೇಲಿದ್ದವು.

"ಅವಳಲ್ಲ ತಾತ," ಎಂದ ಅಣ್ಣ. "ಅವಳ ಕೈ ಇಲ್ಲೇ ಇದೆ."

ತಾತ ಕಣ್ಣು ಕಿರಿದು ಮಾಡಿ ಮತ್ತೆ ಕಂಬದತ್ತ ನೋಡಿದ.

"ಹಾಗಾದ್ರೆ ಆ ಕಂಬದ ಹತ್ರ ಈಗ್ಲೂ ಎತ್ತಿಕೊಂಡೇ ಇರೋದು ಯಾರ ಕೈ?"

ಕೆಳಗಿದ್ದವರಿಗೆ ಕಂಡದ್ದು ಕಂಬವೊಂದೇ. ಫೋರ್‌ಮನ್ ಅದರಿಂದ ಕಣ್ಣು ಕೀಳದೆ ಹಿಂದೆ ಹಿಂದೆ ಸರಿದ. ಉಳಿದವರೂ ಸರಿದರು. ಗಟ್ಟಿಯನ್ನು ಪಕ್ಕಕ್ಕೆ ಇಳಿಸುವಂತೆ ಅಣ್ಣನಿಂದ ತಾತನಿಗೆ ಸನ್ನೆ ಮಾಡಿಸಿ, ಪ್ರೆಸ್ ಬಂದ್ ಮಾಡಿಸಿ, ಕೊನೆಗೆ ಫೋರ್‌ಮನ್ ಗುಬ್ಬಿಯ ಹತ್ತಿರ ಬಂದ.

"ನಾಳೆಯಿಂದ ಗೂಡಲ್ಲಿ ನೀನೇ ಕೂತ್ಕೋ," ಎಂದ, ಪಕ್ಕದಲ್ಲಿ ನಿಂತ ಯಾರಿಗೋ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ.