ಇಟ್ಟಿಗಿಯಲ್ಲಿ ಇಳಿಯಬಾರದು

ನನಗೆ ಸಿಟ್ಟು ಬೇಗ ಬರುತ್ತದೆ. ಇದು ಮನೆಯವರಿಗೂ ಗೊತ್ತು, ಕೂಡ್ಲಿಗಿಯ ನನ್ನ ಬೀಜ-ಗೊಬ್ಬರದ ಅಂಗಡಿಗೆ ಬರುವವರಿಗೂ ಗೊತ್ತು. ಅದಕ್ಕೇ ಗೆಳೆಯ ಗುರುಬಸವರಾಜ ಆ ಚಡ್ಡಿಯನ್ನು ಸೈಕಲ್ ಸವಾರಿಯ ದಿನ ಬೆಳಿಗ್ಗೆಯೇ ತಂದು ಕೈಗಿಟ್ಟ. ಮೊದಲೇ ತೋರಿಸಿದ್ದರೆ ನಾನು ಹೆಸರೇ ಕೊಡುತ್ತಿರಲಿಲ್ಲ.

ಕರಿ ಬಣ್ಣದ್ದು, ಮೈಗೆ ಅಂಟಿಕೊಳ್ಳುವಂಥದ್ದು, ಮೊಳಕಾಲಿನ ಮೇಲೇ ಮುಗಿದುಹೋಗುವಂಥದ್ದು.

"ಎಲ್ಲಾರೂ ಇದನ್ನ ಹಾಕ್ಕೊಳ್ಳಾದು ಏಕಾಂತಪ್ಪ. ಇಲ್ಲಂದ್ರ ತೊಡಿ ಉಜ್ಜಿ ಉರೀತಾವ," ಎಂದ ಗುರುಬಸವರಾಜ.

ನಮ್ಮ ಮೂರನೆಯವನು ನೂರಸಾಬ, ಬೈಕ್ ಮೆಕ್ಯಾನಿಕ್. ಅವನು ಆಗಲೇ ಹಾಕಿಕೊಂಡು ಬಜಾರಿನ ನಡುವೆ ನಿಂತಿದ್ದ. ನಾಚಿಕೆ ಎನ್ನುವುದು ಅವನಿಗೆ ಹುಟ್ಟಿನಿಂದಲೇ ಇಲ್ಲ.

ಸವಾರಿಯೇನೋ ಒಳ್ಳೆಯ ಕೆಲಸಕ್ಕೇ. ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಓಡಾಡಿ ಹೈರಾಣಾಗುವ ರೋಗಿಗಳಿಗೆ ಒಂದು ವ್ಯಾನ್ ಕೊಡಿಸಬೇಕು. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿ ಹರಪನಹಳ್ಳಿ ಮುಟ್ಟಿದವರ ಹೆಸರಿನಲ್ಲಿ ಊರಿನ ವ್ಯಾಪಾರಸ್ಥರು ಹಣ ಕೊಡುತ್ತಾರೆ. ನನ್ನ ಕಷ್ಟ ಬೇರೆಯೇ ಇತ್ತು. ಹಡಗಲಿಯ ದಾರಿಯಲ್ಲಿ ಇಟ್ಟಿಗಿ ಬರುತ್ತದೆ. ಇಟ್ಟಿಗಿಯಲ್ಲಿ ನನ್ನ ಬೀಗರ ಮನೆ ಇದೆ. ಮಗಳು ಅರ್ಚನಾಳನ್ನು ಹೋದ ಬೇಸಿಗೆಯಲ್ಲಿ ಆ ಮನೆಯ ಮಗ ಪ್ರವೀಣನಿಗೆ ಕೊಟ್ಟಿದ್ದೆ, ಆಮೇಲೆ ನಾನಿನ್ನೂ ಆ ಹೊಸ್ತಿಲು ದಾಟಿರಲಿಲ್ಲ.

ಮದುವೆಯಾದ ಮೇಲೆ ಮೊದಲ ಸಲ ಬೀಗರ ಮನೆಗೆ ಹೋಗುವುದೆಂದರೆ ನಮ್ಮಲ್ಲಿ ಸುಮ್ಮನೆ ಅಲ್ಲ. ರೊಟ್ಟಿ, ಶೇಂಗಾ ಹಿಂಡಿ, ಕರ್ಜಿಕಾಯಿ, ಉಂಡೆ ಎಲ್ಲ ಸೇರಿಸಿ ಬುತ್ತಿ ಕಟ್ಟಬೇಕು. ಮೈಮೇಲೆ ಮಡಿಸಿದ ಧೋತರ, ಹೆಗಲಿಗೆ ಶಲ್ಯ ಇರಬೇಕು. ಬರಿಗೈಯಲ್ಲಿ, ಅದೂ ತೊಡೆ ಕಾಣುವ ಚಡ್ಡಿಯಲ್ಲಿ ಹೋಗಿ ನಿಂತರೆ, ಆಮೇಲೆ ಮಾತು ಕೇಳಬೇಕಾದವಳು ಮಗಳು.

"ಇಟ್ಟಿಗ್ಯಾಗ ಕಾಲು ಕೆಳಗಿಟ್ರ ನೋಡ್ರಿ ಮತ್ತ," ಎಂದು ಹೆಂಡತಿ ದಾಕ್ಷಾಯಣಮ್ಮ ಬಾಗಿಲಲ್ಲೇ ಎಚ್ಚರಿಸಿದ್ದಳು.

ಅವಳು ಹೇಳಿದ್ದು ಸರಿಯೇ. ಆದರೆ ಹಿಂದಿನ ದಿನ ಮಗಳೂ ಫೋನಿನಲ್ಲಿ ಅದನ್ನೇ ಹೇಳಿದ್ದಳು. "ಅಪ್ಪಾ, ಇಲ್ಲಿ ಇಳೀಬ್ಯಾಡ. ಸೀದಾ ಹೋಗಿಬಿಡು." ಯಾಕೆ ಎಂದರೆ "ಆಮ್ಯಾಲೆ ಹೇಳ್ತೀನಿ" ಎಂದು ಇಟ್ಟುಬಿಟ್ಟಳು. ಮದುವೆಯಾದಾಗಿನಿಂದ ಅವಳ ಮಾತೆಲ್ಲ ಹೀಗೇ ತುಂಡು ತುಂಡು. "ಆರಾಮ ಅದೀನಪ್ಪ," ಮುಗಿಯಿತು. ನಮ್ಮ ಮನೆಯಲ್ಲಿ ಇವಳು ನಕ್ಕರೆ ಎದುರು ಮನೆಯವರು ಏನಾಯ್ತೆಂದು ಕೇಳುತ್ತಿದ್ದರು. ಆ ಹುಡುಗಿ ಅಲ್ಲಿ ನಗುತ್ತಾಳೋ ಇಲ್ಲವೋ? ನನಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿ ತಿಂದೆವು. ಹಗರಿಬೊಮ್ಮನಹಳ್ಳಿಯಲ್ಲಿ ಶಾಲು ಹೊದಿಸಿದರು. ನನಗೆ ಯಾವುದೂ ರುಚಿಸಲಿಲ್ಲ.

"ಯಾಕಲೇ, ಬೀಗರ ಊರು ಬಂತಂತ ಮಾರಿ ಸಣ್ಣದಾತೇನು?" ಎಂದು ನೂರಸಾಬ ಕೆಣಕಿದ.

ಅವನನ್ನು ಬೈದು, ಇಟ್ಟಿಗಿ ಹತ್ತಿರವಾದಾಗ ಟವೆಲ್ ತೆಗೆದು ಮುಖಕ್ಕೆ ಸುತ್ತಿಕೊಂಡೆ. ಕಣ್ಣಷ್ಟೇ ಕಾಣುತ್ತಿದ್ದವು. ಇಳಿಯದೆ, ನಿಧಾನ ತುಳಿಯುತ್ತ, ಮನೆಯ ಕಡೆ ಒಮ್ಮೆ ನೋಡಿಕೊಂಡು ಹೋಗಿಬಿಡುವುದು ನನ್ನ ಲೆಕ್ಕಾಚಾರವಾಗಿತ್ತು.

ಆದರೆ ರಸ್ತೆಗೆ ಅಡ್ಡಲಾಗಿ ಹೆಂಗಸರು ಸಾಲಾಗಿ ನಿಂತು ಸವಾರರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ನನ್ನ ಮುಂದೆ ಲೋಟ ಹಿಡಿದವರು ಬೀಗತಿ ಅನ್ನದಾನಮ್ಮನವರೇ.

"ಮಾರಿ ಬಿಚ್ರಿ, ಇಲ್ಲಂದ್ರ ಮಜ್ಜಿಗಿ ಹೆಂಗ ಕುಡೀತೀರಿ?"

ಬಾಯಾರಿಕೆಯೋ, ಗಾಬರಿಯೋ, ಟವೆಲ್ ಬಿಚ್ಚಿದೆ. ಬಿಚ್ಚಿದ್ದನ್ನು ಆ ಕ್ಷಣವೇ ಸೊಂಟಕ್ಕೆ ಸುತ್ತಿದೆ. ಇದ್ದದ್ದು ಒಂದೇ ಟವೆಲ್, ಮುಖ ಮುಚ್ಚಬೇಕು ಇಲ್ಲವೇ ಕಾಲು ಮುಚ್ಚಬೇಕು. ಅನ್ನದಾನಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಅದರೊಳಗೇ ಬಿದ್ದು ಬಿದ್ದು ನಕ್ಕರು.

"ತಪ್ಪಾತ್ರಿ ಬೀಗತ್ಯಾರ, ಬರಿಗೈಲೆ ಬಂದೀನಿ..." ಎಂದೆ.

"ಎಲ್ಲಿ ಬಂದೀರಿ ನೀವು? ಇದು ಡಾಂಬರ್ ರಸ್ತಿ, ನಮ್ಮ ಮನಿ ಅಲ್ಲ. ಇಳೀಬ್ಯಾಡ್ರಿ ಅಂತ ನಾನ ಹೇಳಿಸಿದ್ದು. ಹೊಸ್ತಿಲು ದಾಟಿದ್ರ ಹೋಳಿಗಿ ಊಟ ಇಲ್ದ ಕಳಸಾಕ ಬರಾಂಗಿಲ್ಲ, ಉಂಡ್ರ ನೀವು ಸೈಕಲ್ ಹತ್ತಾಂಗಿಲ್ಲ. ಅದಕ್ಕ ನಾವ ರಸ್ತಿಗೆ ಬಂದ್ವಿ."

ಲೋಟ ಬರಿದು ಮಾಡಿ ಮೆಲ್ಲಗೆ ಕೇಳಿದೆ. "ಅರ್ಚನಾ ಮನ್ಯಾಗ ಅದಾಳೇನ್ರಿ?"

"ಆಕಿ ಎಲ್ಲಿ ಮನ್ಯಾಗ! ನಮ್ಮ ಪ್ರವೀಣನ ಸೈಕಲ್ ತಗೊಂಡು ಮುಂದ ಹೋಗ್ಯಾಳ. ಇಲ್ಲಿಂದ ಮುಂದಕ್ಕ ನಿಮ್ಮ ಸವಾರಿಗೇ ಹೆಸರು ಕೊಟ್ಟಾಳ್ರಿ. 'ಅಪ್ಪಗ ಹೇಳಬ್ಯಾಡ್ರಿ ಅತ್ತಿ, ಹೊಸ ಸೊಸಿ ಸೈಕಲ್ ತುಳೀಬಾರ್ದು ಅಂತಾನ' ಅಂದ್ಲು. ನಾ ಅಂದೆ, ನೀ ಹೋಗವ್ವ, ನಿಮ್ಮಪ್ಪನ್ನ ನಾ ನೋಡ್ಕೊಂತೀನಿ."

ಸವಾರರ ಹೆಸರೆಲ್ಲ ಬರೆದುಕೊಂಡವನು ಗುರುಬಸವರಾಜ. ತಿರುಗಿ ನೋಡಿದರೆ ಅವನು ಮೋಡ ನೋಡುತ್ತಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೈಮುಗಿದು ಸೈಕಲ್ ಹತ್ತಿದೆ.

ಎದುರುಗಾಳಿ ಇತ್ತು. ಮೆಕ್ಕೆಜೋಳದ ಹೊಲಗಳ ನಡುವೆ ಉಸಿರು ಬಿಗಿಹಿಡಿದು ತುಳಿದೆ. ಗೆಳೆಯರಿಬ್ಬರೂ ಹಿಂದೆ ಉಳಿದರು. ಏರು ಹತ್ತಿದ ಮೇಲೆ ಮುಂದೆ ಎರಡು ಸೈಕಲ್ ಕಂಡವು. ಒಂದರಲ್ಲಿ ಯಾರೋ ಆ ಊರಿನ ಹುಡುಗಿ. ಇನ್ನೊಂದರಲ್ಲಿ ಹೆಲ್ಮೆಟ್ಟಿನ ಕೆಳಗೆ ಮಲ್ಲಿಗೆ ದಂಡೆ ಇಳಿಬಿಟ್ಟುಕೊಂಡ ನನ್ನ ಮಗಳು. ಆ ಹುಡುಗಿ ಏನೋ ಅಂದಳು. ಅರ್ಚನಾ ನಕ್ಕಳು. ಎದುರುಗಾಳಿಯೇ ಆ ನಗುವನ್ನು ನನ್ನ ತನಕ ತಂದಿತು. ಅದೇ ನಗು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಕೂಗಿ ಕರೆಯಲಿಲ್ಲ. ಸ್ವಲ್ಪ ದೂರ ಸುಮ್ಮನೆ ಹಿಂದೆಯೇ ಹೋದೆ. ಕಣ್ಣು ಮಂಜಾಗಿದ್ದವು. ಆಮೇಲೆ ಅವಳೇ ತಿರುಗಿ ನೋಡಿ ನಿಧಾನ ಮಾಡಿ, ನನ್ನ ಪಕ್ಕಕ್ಕೆ ಬಂದಳು.

"ಬೈಯಬ್ಯಾಡಪ್ಪಾ."

"ಬೈಯಾಕ ಉಸಿರ ಎಲ್ಲೈತಿ?"

"ನಮ್ಮನಿ ಮಜ್ಜಿಗಿ ಹೆಂಗಿತ್ತು? ಬೆಳಿಗ್ಗೆ ನಾನ ಕಡದಿದ್ದು."

ನಮ್ಮನಿ ಎಂದಳು. ಆ ಮಾತು ಅವಳ ಬಾಯಲ್ಲಿ ಇಷ್ಟು ವರ್ಷ ಕೂಡ್ಲಿಗಿಯ ಮನೆಗಿತ್ತು. ಸುಳ್ಳು ಯಾಕೆ ಹೇಳಲಿ, ಎದೆಯಲ್ಲಿ ಒಮ್ಮೆ ಚುರುಕ್ ಎಂದಿತು. ಆದರೆ ಬೇಸಿಗೆಯಿಂದ ಹೊತ್ತುಕೊಂಡಿದ್ದ ಭಾರವೂ ಅಲ್ಲೇ ಇಳಿದುಹೋಯಿತು.

"ಉಪ್ಪು ಒಂಚೂರು ಕಡಿಮಿ ಆಗಿತ್ತು," ಎಂದೆ.

"ಹೌದೇನು? ಮುಂದಿನ ಸಲ ಮನಿಗೆ ಬಾ, ನೀನ ಹಾಕ್ಕೊಂಡು ಕುಡಿ," ಎಂದು ಹೇಳಿ, ಪೆಡಲ್ ಒತ್ತಿ ನನ್ನನ್ನು ದಾಟಿ ಹೋದಳು.