ಕಾಫಿ ಮೋಸ

"ಕಟ್ಟಬೇಡಿ, ಬಿಚ್ಚಿ!" ಎಂದು ಕಮಲಾಕರ ಚಟ್ಟದ ಹಗ್ಗಕ್ಕೆ ಕೈ ಹಾಕಿದ. "ಈ ಹೆಣ ಈಗ ಸುಡೋ ಹಾಗಿಲ್ಲ."

ಚೆನ್ನೈನ ಕೀಲ್ಪಾಕಿನ ಆ ಸಣ್ಣ ಮನೆಯಲ್ಲಿ ಮಂತ್ರ ನಿಂತಿತು. ಸತ್ತವನು ವಿಷ್ಣುಮೂರ್ತಿ, ರೈಲ್ವೆಯ ನಿವೃತ್ತ ಗುಮಾಸ್ತ; ಎದೆನೋವೆಂದು ಆಸ್ಪತ್ರೆ ಸೇರಿದ್ದ. ಮಕ್ಕಳಿಲ್ಲ. ಕೊಳ್ಳಿ ಇಡಬೇಕಾದ ತಮ್ಮ ತಿರುಮಲ ಒದ್ದೆ ಪಂಚೆಯಲ್ಲಿ ಬೆಂಕಿಯ ಮಡಕೆ ಹಿಡಿದು ನಿಂತಿದ್ದ. ಹೊರಗೆ ಗಾಡಿಯ ಡ್ರೈವರ್ ಹಾರ್ನ್ ಹೊಡೆದ.

"ಯಾರೂ ಹೊರಗೆ ಹೋಗಕೂಡದು," ಎಂದು ಕಮಲಾಕರ ಬಾಗಿಲಿಗೆ ಅಡ್ಡ ನಿಂತ. ಶಿವಮೊಗ್ಗದಿಂದ ಬ್ಯಾಂಕ್ ಕೆಲಸಕ್ಕೆ ಬಂದು, ಮದರಾಸು ಚೆನ್ನೈ ಆದರೂ ಇಲ್ಲೇ ಉಳಿದ ಆಸಾಮಿ. ಪತ್ತೇದಾರಿ ಕಾದಂಬರಿ ಕೇಳಿ ಕೇಳಿ ಕೆಟ್ಟ ತಲೆ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ಕೋಣೆಗೆ ಸೇರಿಸಿ ಕೊಲೆಗಾರನಿಗೆ ಬೆರಳು ತೋರಿಸುವ ಸುಖಕ್ಕೆ ಕಾದೇ ಇದ್ದ. ಅದಕ್ಕೆ ಇವನಿಗೆ ಗೆಳೆಯನ ಹೆಣ ಬೇಕಾಯಿತು.

"ವಿಷ ಹಾಕಿದೋನು ಇವನೇ," ಎಂದು ತಿರುಮಲನತ್ತ ಕೈ ಮಾಡಿದ.

*

ಪ್ರತಿ ಭಾನುವಾರ ಸಂಜೆ ಓದುವವನು ವಿಷ್ಣುಮೂರ್ತಿ, ಕೇಳುವವನು ಕಮಲಾಕರ. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತೇನೆಂದು ಇವನು ಪುಸ್ತಕ ಮುಟ್ಟುತ್ತಿರಲಿಲ್ಲ.

"ಪತ್ತೇದಾರನ ಜೊತೆ ಒಬ್ಬ ದಡ್ಡ ಗೆಳೆಯ ಇರ್ತಾನಲ್ಲ, ಅದು ನೀನು. ಪತ್ತೇದಾರ ನಾನು," ಎಂದ ಕಮಲಾಕರ ಒಂದು ಭಾನುವಾರ.

"ಆಗ್ಲಿ ಬಿಡೋ. ಆದ್ರೆ ಕತೆ ಹೇಳೋನು ಆ ದಡ್ಡನೇ ಅಲ್ವಾ? ಅವನು ಮೆಚ್ಚಿ ಬರೆದಿದ್ದಕ್ಕೇ ನಿನ್ನ ಪತ್ತೇದಾರ ಬುದ್ಧಿವಂತ."

"ತಲೆಹರಟೆ ಸಾಕು. ಕೊಲೆಗಾರ ಅಡುಗೆಯವನೇ. ಓದು."

ಕೊಲೆಗಾರ ವಕೀಲನಾಗಿದ್ದ. ವಿಷ್ಣುಮೂರ್ತಿ ಕಣ್ಣು ಎತ್ತದೆ ವಕೀಲನ ಹೆಸರಿದ್ದ ಕಡೆಯೆಲ್ಲ ಅಡುಗೆಯವನ ಹೆಸರು ಓದಿದ. ಕಮಲಾಕರ ತೊಡೆ ತಟ್ಟಿಕೊಂಡು ಮನೆಗೆ ಹೋದ.

ಅದೇ ಪುಸ್ತಕ ಮೊದಲೇ ಓದಿದ್ದ ವಿಷ್ಣುಮೂರ್ತಿಯ ಹೆಂಡತಿ ಕೌಸಲ್ಯಾ ಗಂಡನನ್ನು ಕೇಳಿದಳು: "ಯಾಕ್ರೀ ಸುಳ್ಳು ಓದ್ತೀರಿ?"

"ಅವನ ಮನೇಲಿ ಅವನ ಮಾತಿಗೆ ಯಾರೂ ಹ್ಞೂಂ ಅನ್ನಲ್ಲ ಕಣೇ."

*

ತಿರುಮಲ ಮಡಕೆಯನ್ನು ನೆಲಕ್ಕಿಟ್ಟ. "ಅಣ್ಣನ್ನ ಕೊಂದ ಕೈಯಲ್ಲಿ ಕೊಳ್ಳಿ ಯಾಕೆ? ಈ ದೊಡ್ಡ ಮನುಷ್ಯರೇ ಇಡಲಿ." ಚಪ್ಪಲಿ ಹುಡುಕತೊಡಗಿದ.

"ಅವರು ಹೋದ್ರೆ ಕರ್ಮ ಮಾಡೋರು ಯಾರಮ್ಮಾ?" ಪುರೋಹಿತರು ಗಾಬರಿಯಾದರು.

ಗೋಡೆಗೊರಗಿ ಕೂತಿದ್ದ ಕೌಸಲ್ಯಾ ಎದ್ದಳು. "ಕಮಲಾಕರ್ ಸಾರ್, ಇವರು ಕೊನೇಲಿ ಏನಂದ್ರು? ಅಂದಿದ್ದಷ್ಟೇ ಹೇಳಿ."

ಕಮಲಾಕರ ಗಂಟಲು ಸರಿಮಾಡಿಕೊಂಡ. "ಆಸ್ಪತ್ರೇಲಿ ಇವನು ಫ್ಲಾಸ್ಕ್ ಇಟ್ಟು ಮಾತ್ರೆ ತರೋಕೆ ಹೋದ. ವಿಷ್ಣು ಎರಡು ಗುಟುಕು ಕುಡಿದ. ನನ್ನ ಮುಖ ನೋಡಿ, 'ತಿರುಮಲ ತಂದ ಕಾಫಿ ಮೋಸ' ಅಂದ. ಮಧ್ಯಾಹ್ನ ಸತ್ತ. ಇನ್ನೇನು ಸಾಕ್ಷಿ ಬೇಕು?"

ಪಕ್ಕದ ಮನೆಯ ವಾಸಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವಲ್ಲ, ನಗು.

"ಅಯ್ಯೋ ನಿಮ್ಮ!" ಎಂದಳು ಕೌಸಲ್ಯಾ. "ಇವರು ಮೂರು ತಲೆಮಾರಿಂದ ಇದೇ ಊರೋರು. ಇವರ ಬಾಯಲ್ಲಿ ಮೋಸ ಅಂದ್ರೆ ತಮಿಳಿನ ಮೋಸಂ. ಚೆನ್ನಾಗಿಲ್ಲ ಅಂತ, ಅಷ್ಟೇ. ಉಪ್ಪು ಕಮ್ಮಿಯಾದ್ರೆ ಸಾರು ಮೋಸ. ಬಸ್ ಬರ್ದಿದ್ರೆ ಸರ್ವೀಸ್ ಮೋಸ. ಮದುವೆಯಾದಾಗಿಂದ ನನ್ನ ಅಡುಗೆ ಮೋಸ ಅಂತಿದ್ರು. ನಾನೂ ವಿಷ ಹಾಕ್ತಿದ್ನಾ?"

"ಶುದ್ಧ ಕನ್ನಡದಲ್ಲಿ ಮೋಸ ಅಂದ್ರೆ..."

"ಶುದ್ಧ ಕನ್ನಡ ನಿಮ್ಮನೇಲಿ ಇಟ್ಕೊಳ್ಳಿ! ಇಷ್ಟು ದಿನ ನೀವು ಅಂದೋನನ್ನೇ ಕೊಲೆಗಾರ ಮಾಡಿ ಹೆಸರು ಬದಲಿಸಿ ಓದ್ತಿದ್ರು ಇವರು. ಓದೋರು ಈಗ ಇಲ್ಲಿ ಮಲಗಿದಾರೆ. ನಿಮಗೋಸ್ಕರ ಸುಳ್ಳು ಓದೋರು ಇನ್ನಿಲ್ಲ."

ಕಮಲಾಕರ ಬಾಗಿಲು ಬಿಟ್ಟು ಮೂಲೆಗೆ ಸರಿದ.

ಬಾಗಿಲಲ್ಲಿದ್ದ ತಿರುಮಲ ಹೇಳಿದ: "ಅತ್ತಿಗೆ, ಅದು ಕ್ಯಾಂಟೀನ್ ಕಾಫಿ. ನಿಜವಾಗ್ಲೂ ಮೋಸವಾಗೇ ಇತ್ತು. ಮನೆಯಿಂದ್ಲೇ ತರಬೇಕಿತ್ತು." ಆಗ ಅವನಿಗೆ ಅಳು ಬಂತು.

"ಮಡಕೆ ತಗೋ, ತಿರುಮಲಾ. ನಿಮ್ಮಣ್ಣನ್ನ ಕರ್ಕೊಂಡು ಹೋಗು," ಎಂದಳು ಕೌಸಲ್ಯಾ. ಆಮೇಲೆ ಕಮಲಾಕರನತ್ತ ತಿರುಗಿ, "ನೀವು ಗಾಡಿ ಹತ್ತೋದು ಬೇಡ," ಎಂದಳು.

ಗಾಡಿ ತಿರುವು ದಾಟಿತು. ಹೆಂಗಸರು ಹೆಣ ಮಲಗಿಸಿದ್ದ ಜಾಗಕ್ಕೆ ಕೊಡಗಟ್ಟಲೆ ನೀರು ಸುರಿದರು. ಕಮಲಾಕರ ಮೂಲೆಯಲ್ಲಿದ್ದ. ಅವನನ್ನು ಯಾರೂ ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನೀರು ಪಾದಕ್ಕೆ ಬಂದಾಗ ಪಂಚೆ ಎತ್ತಿಕೊಂಡು ಒಂದು ಕಾಲು ಮೇಲೆ ಮಾಡಿದ, ಆಮೇಲೆ ಇನ್ನೊಂದು. ವಾಸಂತಿ ತಲೆ ಎತ್ತದೆ ಅವನ ಕಾಲಡಿಯಿಂದಲೇ ಪೊರಕೆ ಎಳೆದಳು.