ಗೇಮಿನೊಳಗಿನ ದೈವ

ಸೋದರಮಾವ ಸರ್ವೋತ್ತಮ ಠಾಣೆಯ ವರ್ತಕ ನಗರದಿಂದ ನವಿ ಮುಂಬಯಿಯ ಕಾಮೋಠೆಗೆ, ತಮ್ಮ ಮನೆಗೆ ಬರುತ್ತಿದ್ದಾರೆ ಎಂದು ತಿಳಿದಾಗಿನಿಂದ ಜಯೇಶ ಹತ್ತು ಸಲ ಬಾಗಿಲಿಗೆ ಹೋಗಿ ಬಂದಿದ್ದ. ರವಿವಾರ ಮಧ್ಯಾಹ್ನ ತಮ್ಮ ಹೋಟೆಲಿನ ಊಟದ ಗದ್ದಲ ಬಿಟ್ಟು ಮಾವ ಲೋಕಲ್ ರೈಲು ಹತ್ತುವುದೆಂದರೆ ಸಣ್ಣ ಸಂಗತಿಯಲ್ಲ. ಅದೂ ಒಂದು ಗೇಮಿನ ಸಲುವಾಗಿ.

ಗೇಮ್ ಜಯೇಶನದೇ. ಜಗತ್ತೆಲ್ಲ ಆಡುವ ಒಂದು ಹೊಡೆದಾಟದ ಗೇಮ್ ಸರಣಿ ಇದೆ. ಅದರ ಹುಚ್ಚು ಹಿಡಿದವರು ಕಂಪನಿಯ ಅಪ್ಪಣೆ ಕೇಳದೆ, ಅದೇ ಮಾದರಿಯಲ್ಲಿ ತಾವೇ ಗೇಮ್ ಕಟ್ಟಿ ಪುಕ್ಕಟೆ ಹಂಚುವುದುಂಟು. ಇಬ್ಬರು ಎದುರುಬದುರು ನಿಲ್ಲುತ್ತಾರೆ. ತಲೆಯ ಮೇಲೆ ಅವರವರ ಪ್ರಾಣ ತೋರಿಸುವ ಹಸಿರು ಪಟ್ಟಿ. ಯಾರ ಪಟ್ಟಿ ಮೊದಲು ಖಾಲಿಯೋ ಅವರು ನೆಲಕ್ಕೆ. ಘನ್ಸೋಲಿಯ ಆಫೀಸಿನ ಕೆಲಸದಿಂದ ಉಳಿದ ಹೊತ್ತನ್ನೆಲ್ಲ ಸುರಿದು ಜಯೇಶ ಅಂಥದೊಂದನ್ನು ಕಟ್ಟಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಪುಣ್ಯಾತ್ಮ ಅದರೊಳಗೆ ತುಳುನಾಡಿನ ತಾಯಿಮನೆಯ ದೈವವನ್ನೂ ತಂದು ನಿಲ್ಲಿಸಿದ! ಊರಿನ ನೇಮದಲ್ಲಿ, ಎಂದರೆ ದೈವ ಮನುಷ್ಯನ ಮೈಮೇಲೆ ಬಂದು ಕುಣಿದು ಮಾತಾಡುವ ಉತ್ಸವದಲ್ಲಿ, ಮೊಬೈಲಿಗೆ ಹಿಡಿದ ವಿಡಿಯೊ ನೋಡಿ ನೋಡಿ, ಬೆನ್ನಿಗೆ ಪ್ರಭಾವಳಿಯಂಥ ಅದೇ ಅಣಿ, ಕಾಲಿಗೆ ಗೆಜ್ಜೆಯಂತೆ ಸದ್ದು ಮಾಡುವ ಅದೇ ಗಗ್ಗರ, ಅದೇ ಹೆಜ್ಜೆ ಕೊಟ್ಟ.

ಎಲ್ಲೆಲ್ಲಿಯದೋ ಹುಡುಗರು ಅದನ್ನು ನೋಡಿ ಕುಣಿದಾಡಿದರು. ಅಭಿಮಾನಿಗಳು ಕಟ್ಟಿದ ಗೇಮುಗಳ ಸ್ಪರ್ಧೆಯಲ್ಲಿ ಅದು ಕೊನೆಯ ಸುತ್ತಿಗೂ ಬಂತು. ಮತದಾನ ಆ ಸಂಜೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ಯಾರೋ ಅದರ ತುಣುಕನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದರು.

ಇವರ ಕುಟುಂಬದಲ್ಲಿ ದೈವ ತಾಯಿಯ ಕಡೆಯದು, ಅದರ ವಿಷಯದಲ್ಲಿ ಕೊನೆಯ ಮಾತು ಸೋದರಮಾವನದು. ಅದಕ್ಕೇ ಜಯೇಶನ ಅಪ್ಪ ಮೆಲ್ಲಗೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿದ್ದರು. ಮುಂದಿನ ವಾರ ಊರಲ್ಲಿ ನೇಮ. ದೈವದ ಮುಂದೆ ಕುಟುಂಬದ ಸಾಲಿನಲ್ಲಿ ಜಯೇಶ ನಿಲ್ಲಬಹುದೋ ಇಲ್ಲವೋ ಎಂಬುದನ್ನು ಮಾವ ಇವತ್ತು ಹೇಳುವವರಿದ್ದರು. ಅಮ್ಮ ಕಾಂಚನಾ ಬೆಳಿಗ್ಗೆಯಿಂದ ಮಗನ ಮುಖ ನೋಡಿರಲಿಲ್ಲ.

ಜಯೇಶನ ಹತ್ತಿರ ಒಂದು ಉತ್ತರವಿತ್ತು. ಎಂಥ ಏಟು ಬಿದ್ದರೂ ದೈವದ ಹಸಿರು ಪಟ್ಟಿ ಎಳ್ಳಷ್ಟೂ ಇಳಿಯದಂತೆ ಅವನು ಮಾಡಿಟ್ಟಿದ್ದ. ತಾನು ಅವಮಾನ ಮಾಡಿಲ್ಲ, ಭಕ್ತಿಯನ್ನೇ ತೋರಿಸಿದ್ದೇನೆ ಎಂದು ಅವನು ಮನಸಾರೆ ನಂಬಿದ್ದ.

ಮಾವ ಬಂದವರು ನೀರನ್ನೂ ಮುಟ್ಟಲಿಲ್ಲ.

"ಅಳಿಸಿ ಹಾಕು," ಎಂದರು.

"ಮಾವ, ಏಕ್ ಬಾರ್ ಆಡಿ ನೋಡಿ. ಆಮೇಲೆ ಬೋಲೋ. ದೈವ ಸೋಲುದೇ ಇಲ್ಲ. ಯಾರಿಂದಲೂ ಆಗುದಿಲ್ಲ."

"ಸೋಲುದಿಲ್ಲವಾ?"

"ಇಲ್ಲ ಮಾವ. ನೀವೇ ಚೆಕ್ ಮಾಡಿ."

ಮಾವ ಗೇಮಿನ ಕಂಟ್ರೋಲರಿಗೆ ಕೈ ಚಾಚಿದರು. ಹರೆಯದಲ್ಲಿ ಡೊಂಬಿವಲಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾಗ ಸ್ಟೇಷನ್ ಪಕ್ಕದ ಗೇಮ್ ಪಾರ್ಲರಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ ಎಂಬುದು ಜಯೇಶನಿಗೆ ಗೊತ್ತಿರಲಿಲ್ಲ.

ದೈವದ ಮೊದಲ ಏಟಿಗೇ, ಮಾವ ಆಡಿಸುತ್ತಿದ್ದ ಕರಾಟೆಯವನು ಅಂಗಾತ ಬಿದ್ದ. ಮಾವ ಕುರ್ಚಿಯ ಅಂಚಿಗೆ ಸರಿದರು. ಎರಡನೆಯ ಸಲ ಬಗ್ಗಿ ತಪ್ಪಿಸಿಕೊಂಡರು, ಕಾಲಿಗೆ ಒದ್ದರು, ಹಾರಿ ಎದೆಗೆ ಗುದ್ದಿದರು. ಹೆಬ್ಬೆರಳಿಗೆ ಹಳೆಯ ಚುರುಕು ಬಂದಿತ್ತು. ದೈವ ಎರಡು ಹೆಜ್ಜೆ ಹಿಂದೆ ಸರಿಯಿತು, ಪಟ್ಟಿ ಇಳಿಯಲಿಲ್ಲ. ಮಾವ ಮೂಲೆಗೆ ಒತ್ತಿದರು. ಗುದ್ದು, ಒದೆ, ಮತ್ತೆ ಗುದ್ದು. ಹಣೆಯಲ್ಲಿ ಬೆವರೊಡೆಯಿತು. ಅಡುಗೆಮನೆಯ ಬಾಗಿಲಲ್ಲಿ ಕಾಂಚನಾ ಬಂದು ನಿಂತಿದ್ದರು.

"ಬೀಳು," ಎಂದರು ಮಾವ, ಹಲ್ಲು ಕಚ್ಚಿಕೊಂಡು.

ಹೆಬ್ಬೆರಳು ಅಲ್ಲೇ ನಿಂತಿತು. ಪರದೆಯ ಮೇಲೆ ಕರಾಟೆಯವನು ಕೈ ಇಳಿಸಿ ನಿಂತ, ದೈವ ಗಗ್ಗರದ ಸದ್ದು ಮಾಡುತ್ತ ಅವನತ್ತ ಬರತೊಡಗಿತು. ಜಯೇಶ ಗಾಬರಿಯಲ್ಲಿ ಗೇಮನ್ನು ನಿಲ್ಲಿಸಿದ.

"ನಾನೀಗ ಎಂತ ಹೇಳಿದೆ ಕಾಂಚನಾ?"

"ಬಿಡಿ ಅಣ್ಣ. ಗೇಮ್ ಅಲ್ವಾ."

"ಆದ್ರೆ ಬೀಳ್ಲಿಲ್ಲ ಮಾವ," ಎಂದ ಜಯೇಶ ಅವಸರದಿಂದ. "ನೋಡಿ, ಪಟ್ಟಿ ಫುಲ್ ಉಂಟು."

"ದೈವ ಬೀಳುದಿಲ್ಲ ಅಂತ ನಂಗೆ ಗೊತ್ತುಂಟು. ಅದಕ್ಕೆ ನಿನ್ನ ಗೇಮ್ ಬೇಡ." ಮಾವ ತಮ್ಮ ಕೈಯನ್ನೇ ನೋಡುತ್ತಿದ್ದರು. "ಬೀಳ್ಲಿ ಅಂತ ಹೊಡೆದದ್ದು ನಾನಲ್ವಾ. ವರ್ಷ ವರ್ಷ ಅದರ ಎದುರು ಮುಗಿಯುವ ಕೈ ಇದು."

ಅವರು ಎದ್ದು ಬೇಸಿನ್ನಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದು ಮುಗಿಯುವಂತೆಯೇ ಇರಲಿಲ್ಲ.

ಜಯೇಶ ಕಂಟ್ರೋಲರನ್ನು ಎತ್ತಿಡಲು ಹೋಗಿ ಕೈ ಹಿಂತೆಗೆದ. ಪಟ್ಟಿ ಇಳಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ತಿಂಗಳುಗಟ್ಟಲೆ ದೈವಕ್ಕೆ ಹೊಡೆದವನು ಅವನೇ. ತಿಂಡಿ ತಿನ್ನುತ್ತ ಹೊಡೆದಿದ್ದ, ಫೋನಿನಲ್ಲಿ ಹರಟುತ್ತ ಹೊಡೆದಿದ್ದ. ಪಟ್ಟಿಯನ್ನು ಕಾದನೇ ಹೊರತು ತನ್ನ ಕೈ ಏನು ಮಾಡುತ್ತಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಬೆಳಿಗ್ಗೆಯಿಂದ ಅವನಿಗಿದ್ದದ್ದು ಮಾವನ ಭಯ. ಈಗ ಹಿಡಿದದ್ದು ಬೇರೆಯೇ ಭಯ.

ಅವನು ಲ್ಯಾಪ್‌ಟಾಪ್ ಎಳೆದುಕೊಂಡು ಸ್ಪರ್ಧೆಯಿಂದ ಗೇಮನ್ನು ತೆಗೆದ. ಹಂಚುತ್ತಿದ್ದ ಪುಟವನ್ನೂ ಅಳಿಸಿದ.

"ತೆಗೆದೆ ಮಾವ. ಆದ್ರೆ ಮೊದಲೇ ಡೌನ್‌ಲೋಡ್ ಮಾಡಿಕೊಂಡವರ ಹತ್ರ ಇರ್ತದೆ. ಅವರು ಆಡ್ತಾನೇ ಇರ್ತಾರೆ. ಅದು ನನ್ನ ಕೈಲಿಲ್ಲ."

ನಲ್ಲಿ ನಿಂತಿತು.

"ನೇಮಕ್ಕೆ ಬಾ. ಸಾಲಿನಲ್ಲಿ ನನ್ನ ಪಕ್ಕ ನಿಲ್ಲು."

"ದೈವ ಕೇಳಿದ್ರೆ ಎಂತ ಹೇಳುದು ಮಾವ?"

"ಮೊದಲು ನಾನು ಹೇಳ್ತೇನೆ. ಮತ್ತೆ ನೀನು ಹೇಳು."

ಮಾವ ಒದ್ದೆ ಕೈಗಳನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದರು. ಕಾಂಚನಾ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದದ್ದು ಅವರಿಗೆ ಕಾಣಲಿಲ್ಲ.